ಆ ಕೊನೆಯ ಸಾಲಿಗೆ ಮಾತ್ರ ನನ್ನ ಉತ್ತರ

ನಿಮ್ಮ ವಯಸ್ಸು 28, ಬಳ್ಳಾರಿ ಹತ್ತಿರದ ತೋರಣಗಲ್ಲಿನಲ್ಲಿ ಕೆಲಸ, ಕೈಗೆ 31 ಸಾವಿರ ಸಂಬಳ. ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಮಾಡಲೋ, ಸೈಟಿಗೆ ಕಂತು ಕಟ್ಟಲೋ, ಚಿನ್ನದ ಚೀಟಿ ಹಾಕಲೋ, ಮುಂದೆ ಬರೋಕೆ ಯಾವ ಅಭ್ಯಾಸ ಬೇಕು ಅಂತ ಉದ್ದಕ್ಕೆ ಕೇಳಿದ್ದೀರಿ. ಕೊನೆಗೆ ಒಂದೇ ಸಾಲು: "ಗೆಳೆಯನ ಟಿಪ್ಪರ್ ಸಾಲಕ್ಕೆ ಸೋಮವಾರ ಜಾಮೀನು ಸಹಿ ಹಾಕಬೇಕು, ಅದರಿಂದ ಇದಕ್ಕೇನೂ ತೊಂದರೆ ಇಲ್ಲ ಅಲ್ವಾ? ಮನೆಯಲ್ಲಿ ಇನ್ನೂ ಹೇಳಿಲ್ಲ."

ಆ ಕೊನೆಯ ಸಾಲು ಓದಿ ಫೋನ್ ಕೆಳಗಿಟ್ಟೆ. ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ.

2009ರ ದೀಪಾವಳಿ. ನನಗೆ 27. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ತೋರಣಗಲ್ಲಿನ ಕಡೆಯೇ ಒಂದು ಕಾರ್ಖಾನೆಯಲ್ಲಿ ಕೆಲಸ, ತಿಂಗಳಿಗೆ 17,500. ಮನೆ ಬಳ್ಳಾರಿಯ ಕೌಲ್ ಬಜಾರ್. ಮದುವೆಯಾಗಿ ಒಂದು ವರ್ಷ. ಕುಡಿತಿನಿ ಕಡೆ 30-40 ಅಳತೆಯ ಒಂದು ಸೈಟು ಕೊಂಡಿದ್ದೆ, ಅದೇ ದೊಡ್ಡ ಆಸ್ತಿ. ಆಗಿನ ಬಳ್ಳಾರಿ ನಿಮಗೆ ನೆನಪಿರಲಿಕ್ಕಿಲ್ಲ, ನೀವು ಇನ್ನೂ ಶಾಲೆಯಲ್ಲಿದ್ದಿರಿ. ಅದಿರು ಚೀನಾಕ್ಕೆ ಹೋಗುತ್ತಿತ್ತು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಲಾರಿ ಹಿಂದೆ ಲಾರಿ, ಗಿಡದ ಎಲೆಯೂ ಕೆಂಪು, ಒಗೆದ ಅಂಗಿಯೂ ಕೆಂಪು. ನಿನ್ನೆ ಕ್ಲೀನರ್ ಆಗಿದ್ದವನು ಇವತ್ತು ಟಿಪ್ಪರ್ ಓನರ್. ನಮ್ಮ ಓಣಿಯಲ್ಲೇ ಐದು ಜನ ಗಾಡಿ ತಗೊಂಡಿದ್ದರು.

ಆರನೆಯವನು ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅದಕ್ಕಿಂತ ದೊಡ್ಡ ಮಾತು ಏನಂದ್ರೆ, 2006ರಲ್ಲಿ ನಮ್ಮಪ್ಪ ಬಳ್ಳಾರಿಯ ದೊಡ್ಡಾಸ್ಪತ್ರೆ ವಿಮ್ಸ್‌ನಲ್ಲಿ ಮಲಗಿದ್ದಾಗ ಅವನು ಒಂಬತ್ತು ರಾತ್ರಿ ವರಾಂಡದ ನೆಲದ ಮೇಲೆ ನನ್ನ ಜೊತೆ ಮಲಗಿದ್ದ. ರಕ್ತ ಕೊಟ್ಟಿದ್ದ. ಅಂಥವನು ಬಂದು "ಒಂದು ಸಹಿ ಬೇಕಪ್ಪ, ಸಂಬಳದವರದೇ ಆಗಬೇಕಂತೆ" ಅಂದಾಗ ನಾನು ಏನು ಅನ್ನಲಿ? ಎಷ್ಟು ಸಾಲ ಅಂತ ಕೂಡ ಸರಿಯಾಗಿ ಕೇಳಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗೆ ಆಗುತ್ತದೆ ಅಂದುಕೊಂಡೆ.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿ ಅವಸರ ಮಾಡದೆ ಓದಿ.

ಫೈನಾನ್ಸ್ ಆಫೀಸು ಮೊದಲ ಮಹಡಿಯಲ್ಲಿತ್ತು. ಒಬ್ಬ ಹುಡುಗ ಕಾಗದದ ಕಟ್ಟು ತಂದಿಟ್ಟ. ಎಲ್ಲ ಇಂಗ್ಲಿಷ್. ಸಹಿ ಬೀಳಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದ. "ಇಲ್ಲಿ ಸಾರ್, ಇಲ್ಲಿ ಸಾರ್" ಅನ್ನುತ್ತಾ ಹಾಳೆ ತಿರುವುತ್ತಾ ಹೋದ. ಇಪ್ಪತ್ತಕ್ಕಿಂತ ಜಾಸ್ತಿ ಸಹಿ ಹಾಕಿದೆ. ಕೊನೆಗೆ ನನ್ನ ಖಾತೆಯ ಎರಡು ಖಾಲಿ ಚೆಕ್ ಕೂಡ ಕೊಟ್ಟೆ. ಟೀ ಬಂತು, ಕುಡಿದೆವು. ಹತ್ತು ನಿಮಿಷ ಕೂಡ ಆಗಿರಲಿಲ್ಲ. ಆ ಹತ್ತು ನಿಮಿಷವೂ ನಾನು ಸಾಕ್ಷಿ ಹಾಕುತ್ತಿದ್ದೇನೆ ಅಂದುಕೊಂಡಿದ್ದೆ. ಇವನು ನನಗೆ ಗೊತ್ತು, ಒಳ್ಳೆಯವನು, ಮೋಸ ಮಾಡಲ್ಲ, ಇಷ್ಟು ಹೇಳಿದ ಹಾಗೆ ಅಂತ.

ಸಾಕ್ಷಿ ಬೇರೆ, ಜಾಮೀನು ಬೇರೆ. ಸಾಕ್ಷಿ ಹಾಕಿದವನನ್ನು ನಾಳೆ ಕೋರ್ಟಿಗೆ ಕರೆದರೆ ಕೇಳೋದು ಇಷ್ಟೇ: ಇವರು ನಿಮ್ಮ ಎದುರಿಗೆ ಸಹಿ ಹಾಕಿದ್ದು ಹೌದಾ? ಹೌದು ಅಂದು ಮನೆಗೆ ಬರಬಹುದು. ಜಾಮೀನುದಾರ ಹಾಗಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳೋದು, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲ ತಗೊಂಡವನ ಹೊಣೆ ಎಷ್ಟೋ ಜಾಮೀನು ನಿಂತವನ ಹೊಣೆಯೂ ಅಷ್ಟೇ ಅಂತ. ಅರ್ಧ ಅಲ್ಲ, ಕಾಲು ಅಲ್ಲ. ಸಾಲ ಕೊಟ್ಟವರು ಮೊದಲು ಅವನ ಬೆನ್ನು ಹತ್ತಿ, ಅವನ ಹತ್ತಿರ ಏನೂ ಇಲ್ಲ ಅಂತ ಗೊತ್ತಾದ ಮೇಲೆ ನಿಮ್ಮ ಹತ್ತಿರ ಬರಬೇಕು ಅಂತ ನಿಯಮ ಇಲ್ಲ. ನೇರ ನಿಮ್ಮ ಬಾಗಿಲಿಗೇ ಬರಬಹುದು. ಬರುತ್ತಾರೆ ಕೂಡ, ಯಾಕಂದ್ರೆ ಪ್ರತಿ ತಿಂಗಳು ಸಂಬಳ ಬರೋದು ನಿಮಗೆ. ಸಂಬಳದವರದೇ ಸಹಿ ಬೇಕು ಅಂತ ಅವರು ಕೇಳಿದ್ದು ಅದಕ್ಕೇ. ಈಗಲೂ ಕೇಳುತ್ತಿರೋದು ಅದಕ್ಕೇ.

ಇನ್ನೊಂದು ಧೈರ್ಯ ನನಗಿತ್ತು. ನಿಮಗೂ ಇರುತ್ತದೆ. ಕಟ್ಟದಿದ್ದರೆ ಗಾಡಿ ಹಿಡಿದು ಮಾರಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು, ನನಗೇನು? ಇದು ಅತಿ ದೊಡ್ಡ ಸುಳ್ಳು ಧೈರ್ಯ. ಅವನೊಬ್ಬನೇ ಸೋತರೆ ಗಾಡಿಗೆ ಬೆಲೆ ಇರುತ್ತದೆ. ಆದರೆ ಇಲ್ಲಿ ಎಲ್ಲರೂ ಒಂದೇ ಗುಡ್ಡದ ಅದಿರು ನಂಬಿದವರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, ಬಾಡಿಗೆ ಇಳಿಯಿತು. ಅವನು ಎಳೆದಾಡಿಕೊಂಡು ಕಟ್ಟಿದ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮರುದಿನದಿಂದ ಖಾಲಿ ಜಾಗ ಇದ್ದ ಕಡೆಯೆಲ್ಲ ಟಿಪ್ಪರ್. ಎಲ್ಲರದೂ ಮಾರಾಟಕ್ಕೆ, ಕೊಳ್ಳುವವರು ಯಾರೂ ಇಲ್ಲ. ಅಷ್ಟೇ ಅಲ್ಲ, ಅದಿರು ಸಿಗದೆ ಕಾರ್ಖಾನೆಯಲ್ಲೂ ಕೆಲಸ ಕಡಿಮೆಯಾಗಿ ನನ್ನ ಓಟಿ (ಹೆಚ್ಚುವರಿ ಹೊತ್ತಿನ ಕೆಲಸದ ದುಡ್ಡು) ನಿಂತಿತು. ಅವನಿಗೆ ಕಟ್ಟೋಕೆ ಆಗದ ದಿನ, ಗಾಡಿಗೆ ಬೆಲೆ ಇಲ್ಲದ ದಿನ, ನನ್ನ ಕೈ ಖಾಲಿಯಾದ ದಿನ, ಮೂರೂ ಒಂದೇ ದಿನ ಬಂದವು. ನೀವೂ ತೋರಣಗಲ್ಲಿನಲ್ಲಿ ಇದ್ದೀರಿ, ನಿಮ್ಮ ಗೆಳೆಯನ ಟಿಪ್ಪರೂ ಅಲ್ಲೇ ಓಡಬೇಕು. ಒಂದೇ ಮರದ ಎರಡು ಕೊಂಬೆ ಮೇಲೆ ಕೂತಿದ್ದೀರಿ.

ಲೆಕ್ಕ ಕೇಳಿ. ಸಾಲ 18 ಲಕ್ಷ, 47 ಕಂತು, ತಿಂಗಳಿಗೆ 49 ಸಾವಿರ. ನನ್ನ ಸಂಬಳ 17,500 ಅಂತ ಮೇಲೆ ಹೇಳಿದೆ. ನನ್ನ ಸಂಬಳದ ಎರಡೂವರೆ ಪಟ್ಟಿಗಿಂತ ಜಾಸ್ತಿ ಕಂತಿಗೆ ನಾನು ಹೊಣೆ ಹೊತ್ತಿದ್ದೆ, ಸುಮ್ನೆ ಟೀ ಕುಡಿಯುತ್ತಾ. ಅವನು 21 ಕಂತು ಕಟ್ಟಿದ. 2012ರ ಜನವರಿಯಲ್ಲಿ ಗಾಡಿ ಹಿಡಿದರು, ನಾಲ್ಕೂವರೆ ಲಕ್ಷಕ್ಕೆ ಹರಾಜಾಯಿತು. ಬಡ್ಡಿ, ದಂಡ, ಗಾಡಿ ಹಿಡಿದ ಖರ್ಚು ಎಲ್ಲ ಸೇರಿ ಬಾಕಿ ಉಳಿದದ್ದು 8 ಲಕ್ಷ 40 ಸಾವಿರ.

ಚೆನ್ನೈಯಿಂದ ಆರ್ಬಿಟ್ರೇಷನ್ ನೋಟಿಸು ಬಂತು, ಅಂದ್ರೆ ಕೋರ್ಟಿನ ಬದಲು ಮಧ್ಯಸ್ಥರೊಬ್ಬರು ಸಾಲದ ಜಗಳ ತೀರ್ಮಾನಿಸುವ ನೋಟಿಸು. ನಾನು ಶಿಫ್ಟಿನಲ್ಲಿದ್ದೆ. ಪೋಸ್ಟ್‌ಮ್ಯಾನ್ ಕೈಯಿಂದ ತಗೊಂಡವಳು ನನ್ನ ಹೆಂಡತಿ. ಇಂಗ್ಲಿಷ್ ಪೂರ್ತಿ ಬರದಿದ್ದರೂ ನನ್ನ ಹೆಸರು ಮತ್ತು 8,40,000 ಅನ್ನೋ ಅಂಕಿ ಅವಳಿಗೆ ಓದೋಕೆ ಬಂತು. ನಾನು ಮನೆಗೆ ಬಂದಾಗ ಅಡುಗೆ ಮನೆಯ ಕಟ್ಟೆ ಮೇಲೆ ಆ ಲಕೋಟೆ ಇತ್ತು, ಅವಳು ಪಕ್ಕದಲ್ಲಿ ನಿಂತಿದ್ದಳು. "ಇದು ಯಾರ ಸಾಲ?" ಅಂತ ಕೇಳಿದಳು. ಎರಡೂಕಾಲು ವರ್ಷ ಹೇಳಿರಲಿಲ್ಲ. ಆಗ ಆಕೆ ಐದು ತಿಂಗಳ ಬಸುರಿ. ದುಡ್ಡು ಹೋದದ್ದು ನನಗೆ ಈಗ ನೋಯೋದಿಲ್ಲ. ಆ ಪ್ರಶ್ನೆ ಇವತ್ತಿಗೂ ನೋಯುತ್ತದೆ.

ಆ ನೋಟಿಸಿಗೆ ನಾನು ಉತ್ತರ ಕೊಡಲಿಲ್ಲ. ಹೆದರಿ ಟ್ರಂಕಿನಲ್ಲಿ ಇಟ್ಟುಬಿಟ್ಟೆ. ಹಾಗೆ ಮಾಡಬಾರದಿತ್ತು, ನಮ್ಮ ಮಾತು ಕೇಳದೆಯೇ ತೀರ್ಪು ಆಯಿತು, ಆ ತೀರ್ಪು ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ. ಸಂಬಳ ಜಪ್ತಿಗೆ ಕಾಗದ ನಮ್ಮ ಎಚ್‌ಆರ್‌ಗೆ ಬಂತು. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಮಿನ ಪ್ರಕಾರ ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ, ಆಮೇಲೆ ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಮಿಕ್ಕ ಮೂರನೇ ಒಂದು ಭಾಗ ಹಿಡಿಯಬಹುದು. ಆಗ ನನ್ನ ಸಂಬಳ 21 ಸಾವಿರ. ತಿಂಗಳಿಗೆ 6,666 ರೂಪಾಯಿ ಹೋಗುತ್ತಿತ್ತು. ಹದಿಮೂರು ತಿಂಗಳು ಹೋಯಿತು, 86 ಸಾವಿರ ಚಿಲ್ಲರೆ. ನಿಮ್ಮ 31 ಸಾವಿರಕ್ಕೆ ಇದೇ ಲೆಕ್ಕ ಹಾಕಿದರೆ ತಿಂಗಳಿಗೆ 10 ಸಾವಿರ. ನೀವು ಎಸ್‌ಐಪಿಗೆ ಹಾಕಬೇಕು ಅಂದುಕೊಂಡಿರೋದು 5 ಸಾವಿರ.

2014ರಲ್ಲಿ ಒಂದೇ ಸಲಕ್ಕೆ 4 ಲಕ್ಷ 70 ಸಾವಿರ ಕೊಟ್ಟು ಸೆಟಲ್ ಮಾಡಿಕೊಂಡೆ. ಕುಡಿತಿನಿಯ ಸೈಟು 2 ಲಕ್ಷ 10 ಸಾವಿರಕ್ಕೆ ಹೋಯಿತು. ಹೆಂಡತಿಯ ಬಳೆ, ಸರ ಸೇರಿ 1 ಲಕ್ಷ 60 ಸಾವಿರ. ಉಳಿದ ಒಂದು ಲಕ್ಷ ಅವಳ ಅಣ್ಣ ಕೊಟ್ಟ. ಬಳೆ ಬಿಚ್ಚಿ ಕೊಡುವಾಗ ಅವಳು ಒಂದು ಮಾತೂ ಆಡಲಿಲ್ಲ.

ಮುಗಿಯಿತು ಅಂದುಕೊಂಡೆ. 2016ರಲ್ಲಿ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನಲ್ಲಿ ಆಗಲ್ಲ ಅಂದರು. ಜಾಮೀನು ನಿಂತ ಸಾಲವೂ ನಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ಕಾಣುತ್ತದೆ, ಅಲ್ಲಿ "ಸೆಟಲ್ಡ್" ಅಂತ ಬಿದ್ದಿತ್ತು. ಪೂರ್ತಿ ಕಟ್ಟಿ ಮುಗಿಸಿದರೆ "ಕ್ಲೋಸ್ಡ್" ಅಂತ ಬರುತ್ತದೆ, ಕಡಿಮೆಗೆ ಒಪ್ಪಿಸಿ ಮುಗಿಸಿದರೆ "ಸೆಟಲ್ಡ್". ಬ್ಯಾಂಕಿನವರ ಕಣ್ಣಿಗೆ ಎರಡೂ ಒಂದೇ ಅಲ್ಲ. ನಾನು ತಗೊಳ್ಳದ ಸಾಲಕ್ಕೆ ನನ್ನ ಹೆಸರಿನ ಮುಂದೆ ಆ ಗುರುತು.

ಗೆಳೆಯನ ಬಗ್ಗೆ ಕೇಳಬಹುದು. ಅವನು ಮೋಸಗಾರ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ನೀವೂ ಮನಸ್ಸಿನಲ್ಲಿ "ನನ್ನ ಗೆಳೆಯ ಹಾಗಲ್ಲ" ಅಂತ ಅಂದುಕೊಳ್ಳುತ್ತಿರುತ್ತೀರಿ. ನನ್ನ ಗೆಳೆಯನೂ ಹಾಗಿರಲಿಲ್ಲ. ಅವನ ಮನೆಯೂ ಹೋಯಿತು. ಊರು ಬಿಟ್ಟು ಹೈದರಾಬಾದ್ ಕಡೆ ಬೇರೆಯವರ ಲಾರಿ ಓಡಿಸೋಕೆ ಹೋದ. ಜಾಮೀನುದಾರ ಕಟ್ಟಿದ ದುಡ್ಡನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಕಾಯ್ದೆಯಲ್ಲಿ ಇದೆ. ಆದರೆ ಏನೂ ಇಲ್ಲದವನ ಮೇಲೆ ಏನು ದಾವೆ ಹಾಕಲಿ? ಜಾಮೀನು ಮುಳುಗೋದು ಗೆಳೆಯ ಕೆಟ್ಟವನಾದಾಗ ಮಾತ್ರ ಅಲ್ಲ. ಮಳೆ ಬರದಿದ್ದಾಗ, ಕೋರ್ಟ್ ಆದೇಶ ಬಂದಾಗ, ಅಪಘಾತ ಆದಾಗ, ಕಾಯಿಲೆ ಬಿದ್ದಾಗಲೂ ಮುಳುಗುತ್ತದೆ. ಅವನ ಗುಣ ನೋಡಿ ಸಹಿ ಹಾಕೋದು ಅಂದ್ರೆ ಗಾಡಿಯ ಬಣ್ಣ ನೋಡಿ ಇಂಜಿನ್ ಕೊಂಡ ಹಾಗೆ.

"ಬೆಳೀಬೇಕು ಅಂದ್ರೆ ರಿಸ್ಕ್ ತಗೋಬೇಕು, ನಾಲ್ಕು ಜನಕ್ಕೆ ಬೇಕಾದವನಾಗಬೇಕು" ಅಂತಲೂ ಬರೆದಿದ್ದೀರಿ. ಆ ಮಾತು ನಾನು ಒಪ್ಪೋದಿಲ್ಲ. ಟಿಪ್ಪರ್ ದುಡಿದರೆ ದುಡ್ಡು ಅವನದು. ದುಡಿಯದಿದ್ದರೆ ಸಾಲ ನಿಮ್ಮದು. ಇದರಲ್ಲಿ ನಿಮಗೆ ಬರೋದು ಏನಿದೆ? ರಿಸ್ಕ್ ತಗೋಬೇಕಾ, ನೀವೇ ಅರ್ಧ ಪಾಲು ಹಾಕಿ ಗಾಡಿ ತಗೊಳ್ಳಿ, ಆರ್‌ಸಿಯಲ್ಲಿ ಹೆಸರಿರಲಿ, ಕಂತಿನ ಲೆಕ್ಕ ನಿಮ್ಮ ಕೈಯಲ್ಲಿರಲಿ. ಅದಕ್ಕೆ ಧೈರ್ಯ ಬರುತ್ತಿಲ್ಲ ಅಂದ್ರೆ ಸಹಿಗೂ ಧೈರ್ಯ ಮಾಡಬೇಡಿ.

ಎಸ್‌ಐಪಿ, ಸೈಟು, ಚಿನ್ನ ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಚಿನ್ನದ ಚೀಟಿ ಬೇಡ. ಸೈಟು ಆದರೆ ಲೇಔಟಿಗೆ ಮಂಜೂರಾತಿ ಇದೆಯಾ ನೋಡಿ ತಗೊಳ್ಳಿ. ಉಳಿದದ್ದರಲ್ಲಿ ಯಾವುದನ್ನು ಹಿಡಿದರೂ ಹತ್ತು ವರ್ಷ ಬಿಡದೆ ಮಾಡಿದರೆ ನಡೆಯುತ್ತದೆ. ನಾನು 2014ರಿಂದ ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳ ಕಂತಿನ ಉಳಿತಾಯ) ಮಾಡಿದೆ, ಮೊದಲು ತಿಂಗಳಿಗೆ ಸಾವಿರ, ಆಮೇಲೆ ಮೂರು, ಈಗ ಎಂಟು. ಜೊತೆಗೆ ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ. ಅದೇನೂ ಜಾಣತನದ ಕೆಲಸ ಅಲ್ಲ. ಸಂಬಳ ಹದಿಮೂರು ತಿಂಗಳು ಕಡಿತ ಆಗದಿದ್ದರೆ, ಸೈಟು ಮಾರದಿದ್ದರೆ, ಅದೇ ಆರ್‌ಡಿಯನ್ನು ಐದು ವರ್ಷ ಮೊದಲೇ ಶುರು ಮಾಡುತ್ತಿದ್ದೆ, ಅಷ್ಟೇ.

ಆದರೂ ಗೆಳೆಯನಿಗೆ ಏನೂ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ. ವಾಪಸ್ ಬರದಿದ್ದರೂ ಮನೆ ನಡೆಯುತ್ತದೆ ಅನ್ನುವಷ್ಟು ದುಡ್ಡು ಕೈಯಲ್ಲಿ ಕೊಡಿ. ಹತ್ತು ಸಾವಿರವೋ, ಇಪ್ಪತ್ತೋ. "ಸಹಿ ಹಾಕೋಕೆ ಆಗಲ್ಲಪ್ಪ, ಇದು ಇಟ್ಕೋ, ವಾಪಸ್ ಕೇಳಲ್ಲ" ಅನ್ನಿ. ಕಾರಣ ಕೇಳಿದರೆ ಸುಳ್ಳು ಹೇಳಬೇಡಿ, ಹೆಂಡತಿ ಮೇಲೆ ಹಾಕಬೇಡಿ. ನನಗೆ ಆಗಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿ. ಎರಡು ತಿಂಗಳು ಮಾತು ಬಿಡಬಹುದು. ನಾನು ಸಹಿ ಹಾಕಿ ಅವನನ್ನು ಏಳು ವರ್ಷ ಕಳೆದುಕೊಂಡೆ. ನನ್ನ ಮುಖ ನೋಡೋಕೆ ಅವನಿಗೆ ಆಗುತ್ತಿರಲಿಲ್ಲ, ಅವನ ಫೋನ್ ಬಂದರೆ ಎತ್ತೋಕೆ ನನಗೆ ಆಗುತ್ತಿರಲಿಲ್ಲ. 2019ರಲ್ಲಿ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಗೆ ಅವನು ಊರಿಗೆ ಬಂದಿದ್ದ. ಜನರ ಮಧ್ಯೆ ಎದುರಾದ. ಜೇಬಿನಿಂದ ಮಡಚಿದ ಹತ್ತು ಸಾವಿರ ತೆಗೆದು ನನ್ನ ಕೈಗಿಟ್ಟು, ಅಪ್ಪ ಹೇಗಿದ್ದಾರೆ ಅಂತ ಕೇಳಿದ. ಅಪ್ಪ ಹೋಗಿ ಮೂರು ವರ್ಷ ಆಗಿತ್ತು. ಒಂಬತ್ತು ರಾತ್ರಿ ನಮ್ಮಪ್ಪನಿಗಾಗಿ ನೆಲದ ಮೇಲೆ ಮಲಗಿದವನಿಗೆ ಆ ಸುದ್ದಿಯನ್ನೂ ನಾನು ಮುಟ್ಟಿಸಿರಲಿಲ್ಲ.

ಆಗಲೇ ಎಲ್ಲಾದರೂ ಸಹಿ ಹಾಕಿಬಿಟ್ಟಿದ್ದರೆ ಮೊದಲು ಆ ಕರಾರಿನ ಪ್ರತಿ ಕೇಳಿ ತಗೊಳ್ಳಿ. ಸಿಬಿಲ್ ವರದಿ ವರ್ಷಕ್ಕೆ ಒಮ್ಮೆ ಪುಕ್ಕಟೆ ಸಿಗುತ್ತದೆ, ಇವತ್ತೇ ತೆಗೆದು ನೋಡಿ. ಖಾಲಿ ಚೆಕ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅದು ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು ಇರುವ ಕ್ರಿಮಿನಲ್ ಕೇಸು.

ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಹೇಳಿ. ಸಾಲ ಎಷ್ಟು, ಕಂತು ಎಷ್ಟು, ನಿಮ್ಮ ಸಂಬಳ ಎಷ್ಟು, ಮೂರೂ ಅಂಕಿ ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಅವರು ಏನಂದರು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.