ಮುಂಬೈನಲ್ಲಿ ಹೆಲ್ತ್ ಪೋಸ್ಟ್ (ಬಡಾವಣೆಯ ಸಣ್ಣ ಆರೋಗ್ಯ ಕೇಂದ್ರ), ದವಾಖಾನೆ (ಸಣ್ಣ ಚಿಕಿತ್ಸಾಲಯ), ಕೆಇಎಂ ಎಂಬ ದೊಡ್ಡ ಆಸ್ಪತ್ರೆ ಎಲ್ಲಾ ಒಬ್ಬರ ಕೈಕೆಳಗೇ ಇವೆಯಾ? ನೇರ ಕೆಇಎಂಗೇ ಹೋದರೆ ಒಳ್ಳೆಯದಲ್ವಾ?

ನಾನು ಮುಂಬೈನ ಸಾಯನ್‌ನಲ್ಲಿದ್ದೇನೆ. ಕಲಬುರಗಿ, ವಿಜಯಪುರ ಕಡೆಯಿಂದ ಕೆಲಸಕ್ಕೆ ಬಂದವರಿಗೆ ಆಸ್ಪತ್ರೆಯಲ್ಲಿ ಕೇಸ್ ಪೇಪರ್ (ಹೆಸರು ನೋಂದಾಯಿಸಿದ ಚೀಟಿ) ಮಾಡಿಸಿಕೊಡಲು ಜೊತೆಗೆ ಹೋಗುತ್ತಿರುತ್ತೇನೆ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ.

ಹೌದು, ಮೂರೂ ಮಹಾನಗರಪಾಲಿಕೆಯವೇ. ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳೂ ಅಷ್ಟೇ. ಜೆಜೆ ಆಸ್ಪತ್ರೆ ರಾಜ್ಯ ಸರ್ಕಾರದ್ದು. ಆದರೆ ನಿಮ್ಮ ಬೀದಿಯ ಆರೋಗ್ಯ ನೋಡಿಕೊಳ್ಳುವುದು ಆಸ್ಪತ್ರೆಯಲ್ಲ, ವಾರ್ಡ್ ಕಚೇರಿ, ಅಂದರೆ ನಿಮ್ಮ ಭಾಗದ ಪಾಲಿಕೆ ಕಚೇರಿ. ಅಲ್ಲಿ ಮೆಡಿಕಲ್ ಆಫೀಸರ್ ಆಫ್ ಹೆಲ್ತ್ ಅಂತ ಒಬ್ಬರಿರುತ್ತಾರೆ. ಹೆಲ್ತ್ ಪೋಸ್ಟ್‌ಗಳು ಅವರ ಕೆಳಗೆ ಬರುತ್ತವೆ. ಮನೆಮನೆಗೆ ಬರುವ ಆರೋಗ್ಯ ಸೇವಿಕೆಯರು ಹೆಲ್ತ್ ಪೋಸ್ಟಿನವರು.

ಮಳೆಗಾಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಒಬ್ಬರಿಗೆ ಡೆಂಗ್ಯೂ ಅಂತ ಆಸ್ಪತ್ರೆಯಲ್ಲಿ ಗೊತ್ತಾದರೆ ಆ ವಿಳಾಸ ವಾರ್ಡಿಗೆ ಹೋಗಬೇಕು. ಆಮೇಲೆ ಸೇವಿಕೆಯರು ಅಕ್ಕಪಕ್ಕದ ಮನೆಗಳಲ್ಲಿ ಜ್ವರ ಇದೆಯಾ ಅಂತ ಕೇಳುತ್ತಾರೆ. ಕೀಟನಾಶಕ ವಿಭಾಗದವರು ಡ್ರಮ್ಮು, ಟೈರುಗಳಲ್ಲಿ ಸೊಳ್ಳೆ ಮರಿ ಹುಡುಕುತ್ತಾರೆ. ಅದು ಬೇರೆಯೇ ವಿಭಾಗ. ಇಬ್ಬರೂ ಒಂದೇ ಗಲ್ಲಿಗೆ ಬರುವುದು ವಾರ್ಡ್ ಇರುವುದರಿಂದಲೇ. ನೀವು ತಪ್ಪು ವಿಳಾಸ ಬರೆಸಿದರೆ ಯಾರೂ ಬರುವುದಿಲ್ಲ. ದಯವಿಟ್ಟು ಈಗಿರುವ ಖೋಲಿಯ ವಿಳಾಸವನ್ನೇ ಕೊಡಿ, ಊರಿನದ್ದಲ್ಲ.

2020ರ ಕೋವಿಡ್ ಸಮಯದಲ್ಲಿ 24 ವಾರ್ಡ್‌ಗಳಲ್ಲೂ ವಾರ್ ರೂಮ್ (ನಿಯಂತ್ರಣ ಕೊಠಡಿ) ಮಾಡಿ, ಆಸ್ಪತ್ರೆ ಹಾಸಿಗೆ ಹಂಚುವ ಕೆಲಸವನ್ನು ಅಲ್ಲಿಗೇ ಬಿಟ್ಟರು. ನನ್ನ ಪ್ರಕಾರ ಪಾಲಿಕೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಸಣ್ಣ ಜ್ವರ, ಕೆಮ್ಮು, ಬಿಪಿಗೆ ಕೆಇಎಂ ಬೇಡ. ಇಡೀ ದಿನದ ಕೂಲಿ ಹೋಗುತ್ತದೆ. ಹಳೇ ದವಾಖಾನೆಗಳು ಕೆಲಸದ ಹೊತ್ತಲ್ಲೇ ತೆರೆದು ಮುಚ್ಚುತ್ತವೆ, ದುಡಿಯುವವರಿಗೆ ಅದರಿಂದ ಏನು ಉಪಯೋಗ? ಈ ಬಗ್ಗೆ ನನಗೆ ಬೇಸರ ಇದೆ. 2022ರಿಂದ ಶುರುವಾದ ಪಾಲಿಕೆಯ ಹೊಸ 'ಆಪ್ಲಾ ದವಾಖಾನಾ'ಗಳಲ್ಲಿ ಹಲವು ರಾತ್ರಿ 10ರವರೆಗೂ ಇರುತ್ತವೆ. ಮೊದಲು ಅಲ್ಲಿ ತೋರಿಸಿ. ಎದೆನೋವು, ಅಪಘಾತ ಆದರೆ ಮಾತ್ರ ಯೋಚಿಸದೆ ದೊಡ್ಡ ಆಸ್ಪತ್ರೆಗೆ ಓಡಿ.

ಟಿಬಿ ಇದ್ದವರಿಗೆ ಇನ್ನೊಂದು ಮಾತು. ಔಷಧಿ ಕನಿಷ್ಠ 6 ತಿಂಗಳು ತಗೊಳ್ಳಬೇಕು, ಅಷ್ಟರಲ್ಲಿ ಊರಿಗೆ ಹೋಗುವುದು ಇದ್ದೇ ಇರುತ್ತದೆ. ಸುಮ್ನೆ ಹೊರಟುಬಿಡಬೇಡಿ. ಹೆಲ್ತ್ ಪೋಸ್ಟಿನಲ್ಲಿ ಹೇಳಿದರೆ ನಿಮ್ಮ ನಿಕ್ಷಯ್ ಐಡಿಯನ್ನು (ಟಿಬಿ ರೋಗಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ನಿಮ್ಮ ತಾಲ್ಲೂಕಿಗೆ ವರ್ಗಾಯಿಸುತ್ತಾರೆ, ಅಲ್ಲೇ ಔಷಧಿ ಸಿಗುತ್ತದೆ.