ಪ್ಯಾಸ್ಟನ್ ಮನೆತನದ ಎರಡು ವಂಶಾವಳಿಗಳಲ್ಲಿ ಯಾವುದನ್ನು ನಂಬಬೇಕು?

ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಪ್ಯಾಸ್ಟನ್ ಮನೆತನವು ನಾರ್ಮನ್ನರ (1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು) ಕಾಲದಿಂದಲೂ ಕುಲೀನವಾಗಿತ್ತು ಎಂದು ಒಂದು ಕಡೆ, ಅದರ ಮೂಲಪುರುಷ ಸಾಧಾರಣ ರೈತನಾಗಿದ್ದ ಎಂದು ಇನ್ನೊಂದು ಕಡೆ ಓದಿದ್ದಾಗಿಯೂ, ಇವೆರಡರಲ್ಲಿ ಯಾವುದು ನಿಜ ಮತ್ತು ಅಷ್ಟೊಂದು ಜಮೀನು ಅವರಿಗೆ ಎಲ್ಲಿಂದ ಬಂತು ಎಂದೂ ತಾವು ಕೇಳಿದ್ದೀರಿ. ಈ ಮನೆತನದ ಪತ್ರಗಳನ್ನು ಬಹುಕಾಲದಿಂದ ಆಸಕ್ತಿಯಿಂದ ಓದುತ್ತ ಬಂದಿರುವ ನನ್ನ ತಿಳಿವಳಿಕೆಯಂತೆ, ಎರಡೂ ವಂಶಾವಳಿಗಳು ಆಸ್ತಿಯ ವ್ಯಾಜ್ಯಕ್ಕಾಗಿಯೇ ಹುಟ್ಟಿದವು. ಆದ್ದರಿಂದ ಆಸ್ತಿಯ ಕಥೆಯನ್ನು ಬಿಟ್ಟು ವಂಶದ ಕಥೆಯನ್ನಷ್ಟೇ ಓದಿದರೆ ಎರಡೂ ದಾರಿ ತಪ್ಪಿಸುತ್ತವೆ.

ರೈತ ಮೂಲದ ಕಥೆ ಬರುವುದು ವೈರಿಗಳ ಕಡೆಯವರು ಬರೆದ ಒಂದು ಟಿಪ್ಪಣಿಯಿಂದ. ಅದರ ಪ್ರಕಾರ 1419ರಲ್ಲಿ ತೀರಿಕೊಂಡ ಕ್ಲೆಮೆಂಟ್ ಪ್ಯಾಸ್ಟನ್ ತನ್ನ ಊರಾದ ಪ್ಯಾಸ್ಟನ್‌ನಲ್ಲಿ ನೂರರಿಂದ ನೂರಿಪ್ಪತ್ತು ಎಕರೆ ಉಳುತ್ತಿದ್ದ. ಅದರಲ್ಲಿ ಬಹುಪಾಲು ಗಿಮಿಂಗ್‌ಹ್ಯಾಮ್‌ನ ಒಡೆತನಕ್ಕೆ ಕಟ್ಟುಬಿದ್ದ ನೆಲ. ಹೆಂಡತಿ ಬಿಯಾಟ್ರಿಸ್ ಜೀತದ ಮನೆಯವಳು, ಮಗನ ಓದಿನ ಖರ್ಚಿಗೆ ನೆರವಾದವನು ವಕೀಲನಾಗಿದ್ದ ಅವಳ ಅಣ್ಣ ಜೆಫ್ರಿ ಸೋಮರ್ಟನ್ ಎಂದೂ ಅದು ಹೇಳುತ್ತದೆ. ಬರೆದವರ ಉದ್ದೇಶ ಸ್ಪಷ್ಟ: ಜೀತದವನ ಸ್ವತ್ತೆಲ್ಲ ಒಡೆಯನದು ಎಂಬುದು ಅಂದಿನ ಕಾನೂನು. ಹಾಗಾಗಿ ಜೀತದ ಮೂಲ ರುಜುವಾತಾದರೆ ಪ್ಯಾಸ್ಟನ್ನರ ಪ್ರತಿಯೊಂದು ಕ್ರಯಪತ್ರವೂ ಬಿದ್ದುಹೋಗುತ್ತಿತ್ತು. ಇಷ್ಟಾದರೂ, ಕ್ಲೆಮೆಂಟ್ ಸಾಧಾರಣ ರೈತನಾಗಿದ್ದ ಎಂಬುದನ್ನು ನಾನು ನಂಬುತ್ತೇನೆ. ಜೀತದ ಮಾತನ್ನು ಮಾತ್ರ ನಂಬುವುದಿಲ್ಲ.

ಕುಲೀನ ಮೂಲದ ಕಥೆ ದಾಖಲಾದದ್ದು 1466ರ ಜುಲೈಯಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಕ್ಲೆಮೆಂಟನ ಮೊಮ್ಮಗ ಜಾನ್ ಪ್ಯಾಸ್ಟನ್ ತೀರಿಕೊಂಡಿದ್ದ. ಆ ಮನೆಯವರು ಹಳೆಯ ಹಕ್ಕುಪತ್ರಗಳನ್ನೂ ನ್ಯಾಯಸಭೆಯ ಸುರುಳಿಗಳನ್ನೂ ರಾಜ ನಾಲ್ಕನೇ ಎಡ್ವರ್ಡ್‌ನ ಮುಂದಿಟ್ಟು, ತಮ್ಮ ಮೂಲಪುರುಷ ವುಲ್ಸ್ಟನ್ ಎಂಬವನು ಫ್ರಾನ್ಸಿನಿಂದ ಬಂದವನೆಂದು ತೋರಿಸಿದರು. ನಾರ್ಮನ್ ವಿಜಯದಿಂದ ಇತ್ತ ಇವರು ಗೌರವಾನ್ವಿತ ವಂಶದವರೇ ಎಂದು ರಾಜ ಘೋಷಿಸಿದ. ಈ ಘೋಷಣೆಯನ್ನು ಚರಿತ್ರೆಯೆಂದು ಓದದೆ ತೀರ್ಪೆಂದು ಓದಬೇಕು. ಅದು ಉಳಿಸಿಕೊಟ್ಟದ್ದು ಜಮೀನನ್ನು.

ಆ ಜಮೀನು ಬಂದ ದಾರಿಯನ್ನು ನೋಡೋಣ. ಕ್ಲೆಮೆಂಟನ ಮಗ ವಿಲಿಯಂ (1378–1444) ಕಾನೂನು ಕಲಿತು 1429ರಲ್ಲಿ ರಾಜನ ನ್ಯಾಯಾಧೀಶನಾದ. ವಕೀಲಿಯಲ್ಲಿ ಗಳಿಸಿದ್ದನ್ನು ಅವನು ನೆಲಕ್ಕೆ ಹಾಕಿದ. ಆಕ್ಸ್‌ನೆಡ್ ಕೊಂಡ, 1427ರಲ್ಲಿ ಕವಿ ಚಾಸರನ ಮಗ ಥಾಮಸ್ ಚಾಸರನಿಂದ ಗ್ರೆಶಮ್ ಕೊಂಡ. ಆದರೆ ವಂಶವೃಕ್ಷ ಬರೆಯುವವರು ಹೆಚ್ಚಾಗಿ ಮರೆಯುವುದು ಸೊಸೆಯಂದಿರನ್ನು. ವಿಲಿಯಂನ ಹೆಂಡತಿ ಆಗ್ನೆಸ್ ಬೆರ್ರಿ ತಂದೆಯ ಆಸ್ತಿಗೆ ವಾರಸುದಾರಳಾಗಿ ಮಾರ್ಲಿಂಗ್‌ಫರ್ಡ್ ಮೊದಲಾದ ಊರುಗಳನ್ನು ತಂದಳು. ಅವರ ಮಗ ಜಾನ್‌ನ ಹೆಂಡತಿ ಮಾರ್ಗರೆಟ್ ಮಾಟ್ಬಿ ಕೂಡ ತವರಿನ ಆಸ್ತಿಗೆ ವಾರಸುದಾರಳೇ. ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಭಾಗ ಜೀವಮಾನಪೂರ್ತಿ ಸಲ್ಲುತ್ತಿದ್ದ ಕಾರಣ, ಗಂಡನ ನಂತರ 35 ವರ್ಷ, ಅಂದರೆ 1479ರವರೆಗೆ ಬದುಕಿದ ಆಗ್ನೆಸ್‌ಳ ಪಾಲು ಮಗನಿಗಾಗಲಿ ಹಿರಿಯ ಮೊಮ್ಮಗನಿಗಾಗಲಿ ಅನುಭವಕ್ಕೆ ಬರಲೇ ಇಲ್ಲ. ಆ ಮೊಮ್ಮಗನೂ ಅದೇ ವರ್ಷ ತೀರಿಕೊಂಡ. ತಂದೆಯ ಕಡೆಯ ಪೀಳಿಗೆಯನ್ನಷ್ಟೇ ಬರೆದ ವಂಶಾವಳಿಯಲ್ಲಿ ಇದಾವುದೂ ಕಾಣುವುದಿಲ್ಲ.

ಕೊಂಡ ನೆಲ ಕೈಯಲ್ಲಿ ಉಳಿಯುವುದೂ ಸುಲಭವಾಗಿರಲಿಲ್ಲ. 1448ರಲ್ಲಿ ಲಾರ್ಡ್ ಮೊಲಿನ್ಸ್ ಹಳೆಯ ಹಕ್ಕೊಂದನ್ನು ಎತ್ತಿ ಗ್ರೆಶಮನ್ನು ವಶಪಡಿಸಿಕೊಂಡ. 1450ರ ಜನವರಿಯಲ್ಲಿ ಅವನ ಕಡೆಯ ಸಾವಿರ ಮಂದಿ ಬಂದು, ಗೋಡೆಯ ಬುಡ ಅಗೆದು, ಒಳಗಿದ್ದ ಮಾರ್ಗರೆಟ್‌ಳನ್ನು ಹೊತ್ತು ಹೊರಹಾಕಿದರೆಂದು ಜಾನ್ ತನ್ನ ಅರ್ಜಿಯಲ್ಲಿ ಬರೆದಿದ್ದಾನೆ. ಸಾವಿರ ಎಂಬುದು ದೂರುದಾರನ ಲೆಕ್ಕವಿರಬಹುದು, ಆದರೆ ಮನೆ ಹೋದದ್ದು ನಿಜ.

ಎಲ್ಲಕ್ಕಿಂತ ದೊಡ್ಡ ಆಸ್ತಿಯೂ ದೊಡ್ಡ ಜಗಳವೂ ಬಂದದ್ದು ಸರ್ ಜಾನ್ ಫಾಸ್ಟಾಲ್ಫ್‌ನಿಂದ. ಮಕ್ಕಳಿಲ್ಲದ ಆ ಸೇನಾನಿ 1459ರ ನವೆಂಬರ್ 5ರಂದು ಕೇಸ್ಟರ್ ಕೋಟೆಯಲ್ಲಿ ಸತ್ತಾಗ, ಅಲ್ಲೊಂದು ಧಾರ್ಮಿಕ ಸಂಸ್ಥೆ ಸ್ಥಾಪಿಸಿ ನಿಗದಿತ ಹಣ ಕಟ್ಟುವ ಷರತ್ತಿನ ಮೇಲೆ ನಾರ್ಫಕ್ ಮತ್ತು ಸಫಕ್‌ನ ಭೂಮಿಯೆಲ್ಲ ತನಗೆ (ಜಾನ್‌ಗೆ) ಸೇರಬೇಕೆಂದು ಫಾಸ್ಟಾಲ್ಫ್ ಬಾಯಿಮಾತಿನಲ್ಲಿ ಹೇಳಿದ್ದನೆಂದು ಜಾನ್ ವಾದಿಸಿದ. ಉಯಿಲಿನ ಇತರ ನಿರ್ವಾಹಕರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಜಾನ್ ಮೂರು ಬಾರಿ ಸೆರೆಮನೆ ಸೇರಿದ. 1465ರಲ್ಲಿ ಸಫಕ್‌ನ ಡ್ಯೂಕ್‌ನ ಜನ ಫಾಸ್ಟಾಲ್ಫ್‌ನ ಆಸ್ತಿಯಲ್ಲಿದ್ದ ಹೆಲ್ಸ್‌ಡನ್ ಮನೆಯನ್ನು ಕೆಡವಿದರು. 1469ರಲ್ಲಿ ನಾರ್ಫಕ್‌ನ ಡ್ಯೂಕ್ ಕೇಸ್ಟರ್‌ಗೆ ಮುತ್ತಿಗೆ ಹಾಕಿ ಗೆದ್ದ. 1476ರ ಜನವರಿಯಲ್ಲಿ ಅವನು ಸತ್ತ ಮೇಲೆಯೇ ಕೋಟೆ ಪ್ಯಾಸ್ಟನ್ನರಿಗೆ ಮರಳಿತು. ಧಾರ್ಮಿಕ ಸಂಸ್ಥೆಗೆಂದು ಇಟ್ಟ ಭೂಮಿ ಆ ಹೊತ್ತಿಗಾಗಲೇ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಪಾಲಾಗಿತ್ತು.

ತಾವು ವಂಶವೃಕ್ಷ ಬರೆಯುವುದಾದರೆ ಒಂದು ಎಚ್ಚರಿಕೆ ಹೇಳಬೇಕು. ಜಾನ್‌ನ ಗಂಡುಮಕ್ಕಳಲ್ಲಿ ಇಬ್ಬರ ಹೆಸರೂ ಜಾನ್ ಎಂದೇ. ಹಿರಿಯವನು ಮದುವೆಯಾಗದೆ ಲಂಡನ್ನಿನಲ್ಲಿ ತೀರಿಕೊಂಡ. ಆಸ್ತಿ ಮುಂದುವರಿದದ್ದು 1477ರಲ್ಲಿ ಮಾರ್ಜರಿ ಬ್ರೂಸ್‌ಳನ್ನು ಮದುವೆಯಾದ ಕಿರಿಯವನಿಂದ. ಆಗ್ನೆಸ್ ಬಿಟ್ಟುಹೋದ ಊರುಗಳಿಗಾಗಿ ಅವನು ಚಿಕ್ಕಪ್ಪ ವಿಲಿಯಂನೊಡನೆ (ನ್ಯಾಯಾಧೀಶ ವಿಲಿಯಂನ ಮಗ) ಮತ್ತೆ ವ್ಯಾಜ್ಯ ನಡೆಸಬೇಕಾಯಿತು.