ಗೇರ್ ಬಾಕ್ಸ್ ಇಳಿಸುವ ಮುಂಚೆ ಸ್ಲೇವ್ ಸಿಲಿಂಡರಿನ ರಾಡ್ ಅಳೆಯಿರಿ

ನಿಮ್ಮದು ಹೈಡ್ರಾಲಿಕ್ ಕ್ಲಚ್ ಇರುವ ಹಳೇ ಟಾಟಾ 407. ಬೆಳಿಗ್ಗೆ ಗೇರ್ ಸಲೀಸಾಗಿ ಬೀಳುತ್ತೆ, ಎರಡು ಗಂಟೆ ಓಡಿ ಬಿಸಿಯಾದ ಮೇಲೆ ಫಸ್ಟ್ ಮತ್ತು ರಿವರ್ಸ್ ಕರಕರ ಅನ್ನುತ್ತೆ, ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಬೀಳುತ್ತೆ, ಗ್ಯಾರೇಜಿನವರು ಗೇರ್ ಬಾಕ್ಸ್ ಬಿಚ್ಚಬೇಕು ಅಂದಿದ್ದಾರೆ, ಬಿಚ್ಚಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಪಂಪ್ ಮಾಡಿದರೆ ಗೇರ್ ಬೀಳುತ್ತೆ ಅನ್ನೋದೇ ದೊಡ್ಡ ಸುಳಿವು. ಗೇರ್ ಬಾಕ್ಸಿನ ಒಳಗೆ ಹಲ್ಲು ಸವೆದಿದ್ದರೆ ಪೆಡಲ್ ಎಷ್ಟು ಸಲ ತುಳಿದರೂ ಅದು ಸರಿಹೋಗಲ್ಲ. ನಿಮ್ಮ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಕಾರಣ ಬಹುಪಾಲು ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಫ್ಲೂಯಿಡನ್ನು ಒತ್ತುವುದು), ಸ್ಲೇವ್ ಸಿಲಿಂಡರ್ (ಆ ಒತ್ತಡಕ್ಕೆ ರಾಡ್ ತಳ್ಳಿ ಕ್ಲಚ್ ಬಿಡಿಸುವುದು) ಅಥವಾ ಅವೆರಡರ ನಡುವಿನ ಹೋಸ್‌ನಲ್ಲಿದೆ.

ಖಚಿತ ಮಾಡಿಕೊಳ್ಳಲು, ಗಾಡಿ ಬಿಸಿಯಿದ್ದಾಗಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಲಿವರ್, ಲಿಂಕೇಜ್, ಸೆಲೆಕ್ಟರ್ ಎಲ್ಲ ಸರಿಯಿವೆ ಅಂತ. ಈಗ ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ, ಪೆಡಲ್ ಪೂರ್ತಿ ತುಳಿದು ಹತ್ತರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೋ (ಹಲ್ಲುಗಳ ವೇಗ ಹೊಂದಿಸುವ ಭಾಗ) ಇರಲ್ಲ, ಹಾಗಾಗಿ ಅದು ಸುಳ್ಳು ಹೇಳಲ್ಲ: ಅಷ್ಟು ಹೊತ್ತು ಕಾದ ಮೇಲೂ ಕರ್ ಅಂದರೆ ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿದೆ, ಅಂದರೆ ಕ್ಲಚ್ ಪೂರ್ತಿ ಬಿಟ್ಟಿಲ್ಲ.

ಮುಂದಿನದು ಅಳತೆ. ಒಬ್ಬರನ್ನು ಪೆಡಲ್ ಹತ್ತಿರ ಕೂರಿಸಿ. ಇಂಜಿನ್ ಆಫ್ ಇರಲಿ. ನೀವು ಕೆಳಗೆ ಮಲಗಿ ಸ್ಲೇವ್ ಸಿಲಿಂಡರಿನ ರಾಡ್ ಪಕ್ಕ ಸ್ಟೀಲ್ ಸ್ಕೇಲ್ ಹಿಡಿಯಿರಿ. ಮೊದಲ ತುಳಿತಕ್ಕೆ ರಾಡ್ ಎಷ್ಟು ಮಿ.ಮೀ. ಹೊರಬಂತು, ಬೇಗ ಬೇಗ ಮೂರು ಸಲ ತುಳಿದಾಗ ಎಷ್ಟು ಬಂತು, ಎರಡನ್ನೂ ಬರೆದುಕೊಳ್ಳಿ. ಮೂರನೇ ಸಲ 4-5 ಮಿ.ಮೀ. ಜಾಸ್ತಿ ಬಂದರೆ ದೋಷ ಹೈಡ್ರಾಲಿಕ್‌ನಲ್ಲೇ. ಆಮೇಲೆ ಪೆಡಲನ್ನು ಒಂದು ನಿಮಿಷ ತುಳಿದೇ ಹಿಡಿಯಲು ಹೇಳಿ, ರಾಡಿನ ಮೇಲೆ ಕಣ್ಣಿಡಿ. ಅದು ಮೆಲ್ಲಗೆ ಒಳಗೆ ಸರಿಯುತ್ತಾ ಹೋದರೆ, ಹೊರಗೆಲ್ಲೂ ಒಂದು ಹನಿ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಸವೆದು ಫ್ಲೂಯಿಡ್ ಒಳಗೊಳಗೇ ಹಿಂದೆ ಹೋಗುತ್ತಿದೆ. ತಣ್ಣಗಿದ್ದಾಗ ಫ್ಲೂಯಿಡ್ ಗಟ್ಟಿ, ಹೇಗೋ ತಡೆಯುತ್ತೆ. ಬಿಸಿಯಾಗಿ ತೆಳುವಾದಾಗ ಸವೆದ ವಾಷರ್ ದಾಟಿ ಹೋಗುತ್ತೆ. ನೀವು ಹೇಳಿದ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತೆ.

ರಾಡ್ ಸರಿಯದೆ ಪೆಡಲ್ ಮಾತ್ರ ಸ್ಪಂಜಿನ ಹಾಗಿದ್ದರೆ ಲೈನಿನಲ್ಲಿ ಏರ್ ಇದೆ. ತುಳಿದಾಗ ರಬ್ಬರ್ ಹೋಸ್ ಮೇಲೆ ಕೈಯಿಟ್ಟು ನೋಡಿ, ಬೆರಳಿಗೆ ಉಬ್ಬು ತಿಳಿದರೆ ಹೋಸ್ ಬದಲಿಸಿ. ಸ್ಲೇವ್‌ನ ರಬ್ಬರ್ ಬೂಟ್ ಮಡಚಿ ನೋಡಿ, ಒದ್ದೆಯಿದ್ದರೆ ಸ್ಲೇವ್ ಸೋರುತ್ತಿದೆ. ಕ್ಯಾಬಿನ್ ಒಳಗೆ ಪೆಡಲ್ ರಾಡಿನ ಬುಡ, ಮ್ಯಾಟಿನ ಅಡಿ ಒದ್ದೆಯಿದ್ದರೆ ಮಾಸ್ಟರ್. ಕಾಲಡಿಯ ಮ್ಯಾಟ್ ದಪ್ಪನಾಗಿ ಪೆಡಲ್ ಕೊನೆವರೆಗೆ ಹೋಗದಿದ್ದರೂ ಇದೇ ತೊಂದರೆ ಬರುತ್ತೆ, ಅದನ್ನೂ ತೆಗೆದು ನೋಡಿ.

ರಿಪೇರಿ ಮಾಡುವಾಗ ಮಾಸ್ಟರ್, ಸ್ಲೇವ್ ಎರಡಕ್ಕೂ ಒಟ್ಟಿಗೇ ಕಿಟ್ (ಹೊಸ ರಬ್ಬರ್ ವಾಷರ್‌ಗಳ ಸೆಟ್) ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಹೊಸ ಒತ್ತಡಕ್ಕೆ ಇನ್ನೊಂದು ಸೋರಲು ಶುರುವಾಗುವುದು ಮಾಮೂಲು. ಸಿಲಿಂಡರಿನ ಬೋರ್ (ಪಿಸ್ಟನ್ ಓಡುವ ತೂತು) ಒಳಗೆ ಉಗುರಾಡಿಸಿ, ಗೆರೆ ಅಥವಾ ತುಕ್ಕಿನ ಗುಳಿ ಸಿಕ್ಕಿದರೆ ಕಿಟ್ ದುಡ್ಡು ದಂಡ, ಸಿಲಿಂಡರನ್ನೇ ಬದಲಿಸಿ. ಡೀಸೆಲ್, ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಬ್ರೇಕ್ ಫ್ಲೂಯಿಡ್‌ನಲ್ಲೇ ತೊಳೆಯಿರಿ. ಫ್ಲೂಯಿಡ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ಗ್ರೇಡ್, ಡಾಟ್ 3 ಅಥವಾ ಡಾಟ್ 4, ಅರ್ಧ ಲೀಟರ್ ಹೊಸ ಡಬ್ಬಿ ಸಾಕು. ಇಂಜಿನ್ ಆಯಿಲ್ ಒಂದು ಚಮಚ ಸೇರಿದರೂ ರಬ್ಬರ್ ಊದಿಕೊಂಡು ಎಲ್ಲಾ ಕೆಟ್ಟುಹೋಗುತ್ತೆ.

ಏರ್ ತೆಗೆಯುವಾಗ ಸ್ಲೇವ್‌ನ ಬ್ಲೀಡರ್‌ಗೆ (ಏರ್ ಬಿಡುವ ಸ್ಕ್ರೂ) ಟ್ಯೂಬ್ ಹಾಕಿ ಇನ್ನೊಂದು ತುದಿಯನ್ನು ಫ್ಲೂಯಿಡ್ ಇರುವ ಬಾಟಲಿನಲ್ಲಿ ಮುಳುಗಿಸಿ. ಪೆಡಲ್ ಹತ್ತಿರ ಕೂತವರು ನಿಧಾನಕ್ಕೆ ತುಳಿದು ಹಿಡಿಯಬೇಕು, ನೀವು ಅರ್ಧ ಸುತ್ತು ಬಿಚ್ಚಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಿ, ಆಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ. ನಡುವೆ ಮೇಲಿನ ಟ್ಯಾಂಕ್ ಖಾಲಿಯಾದರೆ ಮತ್ತೆ ಮೊದಲಿನಿಂದ. ಎಷ್ಟು ಮಾಡಿದರೂ ಏರ್ ಹೋಗದಿದ್ದರೆ ಸ್ಲೇವ್ ಬಿಚ್ಚಿ, ಬ್ಲೀಡರ್ ಮೇಲ್ಮುಖವಾಗುವಂತೆ ಹಿಡಿದು, ರಾಡ್ ಹೊರಬರದಂತೆ ಒತ್ತಿಹಿಡಿದು ಮಾಡಿ.

ಕೊನೆಗೆ ಮಾಸ್ಟರಿನ ರಾಡ್ ಮತ್ತು ಪಿಸ್ಟನ್ ನಡುವೆ 0.5ರಿಂದ 1 ಮಿ.ಮೀ. ಆಟ ಬಿಡಿ. ಪೆಡಲ್ ಗಟ್ಟಿ ಇರಲಿ ಅಂತ ಆಟವೇ ಇಲ್ಲದಂತೆ ಬಿಗಿ ಮಾಡುವವರಿದ್ದಾರೆ. ಆಗ ಫ್ಲೂಯಿಡ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತೆ, ಬಿಸಿಗೆ ಒತ್ತಡ ಏರಿ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತೆ. ಲೋಡ್ ಹಾಕಿ ಶಿರಾಡಿ ಘಾಟ್ ಹತ್ತಿಸಿದರೆ ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ, ಹೊಸ ಕ್ಲಚ್ ಪ್ಲೇಟೂ ಸುಟ್ಟುಹೋಗುತ್ತೆ.

ರಾಡ್ ಮೊದಲ ತುಳಿತಕ್ಕೇ ಪೂರ್ತಿ ಬಂದು, ಹಾಗೇ ನಿಂತು, ಆದರೂ ಗೇರ್ ಕರ್ ಅಂದರೆ ಮಾತ್ರ ಬಾಕ್ಸ್ ಇಳಿಸಿ. ಆಗ ಕಾರಣ ಡೊಂಕಾದ ಕ್ಲಚ್ ಪ್ಲೇಟ್, ಎತ್ತರ ತಪ್ಪಿದ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವುದು) ಬೆರಳುಗಳು, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಸರಿಯುವ ಶಾಫ್ಟಿನ ಉದ್ದ ಹಲ್ಲು), ಇಲ್ಲವೇ ಫ್ಲೈವೀಲ್ ನಡುವೆ ಜಾಮ್ ಆದ ಪೈಲಟ್ ಬೇರಿಂಗ್ (ಶಾಫ್ಟಿನ ತುದಿ ಹಿಡಿಯುವ ಬೇರಿಂಗ್). ಇಳಿಸುವ ಮುಂಚೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆ ಆಕಾರದ ಕವಚ) ಕೆಳಗಿನ ತೂತಿನಲ್ಲಿ ಎಣ್ಣೆ ಹನಿಯಿದ್ದರೆ ಬೆರಳಿಗೆ ಹಚ್ಚಿ ಮೂಸಿ ನೋಡಿ. ಕಪ್ಪಗೆ ತೆಳುವಾಗಿದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲ್, ಗಂಧಕದ ಘಾಟು ಹೊಡೆದರೆ ಗೇರ್ ಬಾಕ್ಸಿನ ಮುಂದಿನ ಸೀಲ್. ಬಾಕ್ಸ್ ಹೇಗೂ ಕೆಳಗಿರುವಾಗ ಆ ಸೀಲ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ (ಪ್ರೆಶರ್ ಪ್ಲೇಟ್ ಬೆರಳುಗಳನ್ನು ಒತ್ತುವುದು) ಮೂರನ್ನೂ ಬದಲಿಸಿಬಿಡಿ. ರಿವೆಟ್ ತಲೆಯ ಮೇಲೆ ಲೈನಿಂಗ್ 0.3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಪ್ಲೇಟೂ ಹೊಸದು. ಸ್ಪ್ಲೈನಿಗೆ ಗ್ರೀಸ್ ಬೆಂಕಿಕಡ್ಡಿ ತಲೆಯಷ್ಟು ಸಾಕು, ಜಾಸ್ತಿಯಾದರೆ ಸಿಡಿದು ಲೈನಿಂಗ್ ಮೇಲೆ ಬೀಳುತ್ತೆ. ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ಹಬ್ ಮೇಲೆ ಒಂದು ಕ್ಷಣವೂ ನೇತಾಡದಂತೆ ಕೆಳಗೆ ಜಾಕ್ ಕೊಟ್ಟೇ ಬೋಲ್ಟ್ ಹಾಕಿಸಿ.